ಬ್ರಾಯ್ಲರ್ ಕೋಳಿಗೆ ವಿಟಮಿನ್, ಅರಿಶಿನ: ಎಷ್ಟು, ಯಾವಾಗ, ಹೇಗೆ?

ಪ್ರಶ್ನೆ: ನಮ್ಮ ಶೆಡ್ಡಿನಲ್ಲಿ 28 ದಿನದ 2,000 ಬ್ರಾಯ್ಲರ್ ಇವೆ. ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಡುತ್ತವೆ, ತೂಕ ಬರುತ್ತಿಲ್ಲ. ಬೆಳಿಗ್ಗೆ ಕ್ಲೋರಿನ್ ಹಾಕಿದ ಟ್ಯಾಂಕಿಗೇ ವಿಟಮಿನ್ ಸಿ ಬೆರೆಸುತ್ತೇವೆ. ಜೊತೆಗೆ ಅರಿಶಿನ ಹಾಕಬಹುದೇ?

ಉತ್ತರ: ಮೊದಲ ತಪ್ಪು ಆ ಟ್ಯಾಂಕಿನಲ್ಲೇ ಇದೆ. ಕ್ಲೋರಿನ್ ವಿಟಮಿನ್ ಸಿಯನ್ನು ನಾಶ ಮಾಡುತ್ತದೆ, ಅದೂ ಕ್ಲೋರಿನ್ನನ್ನು ಮುಗಿಸುತ್ತದೆ. ಎರಡೂ ವ್ಯರ್ಥ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಇನ್ನೂ ಬೇಗ ಹಾಳಾಗುತ್ತದೆ.

ಕೋಳಿ ತನಗೆ ಬೇಕಾದ ವಿಟಮಿನ್ ಸಿಯನ್ನು ಮೂತ್ರಪಿಂಡದಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಬಿಸಿಲಿನ ಒತ್ತಡದಲ್ಲಿ ಮಾತ್ರ ಅದು ಸಾಲದು. ಆಗ ಕಿಲೋ ಆಹಾರಕ್ಕೆ 250 ಮಿಲಿಗ್ರಾಂ ಲೆಕ್ಕ ಹಿಡಿಯಿರಿ. ಈ ವಯಸ್ಸಿನ ಕೋಳಿ ದಿನಕ್ಕೆ ಸುಮಾರು 140 ಗ್ರಾಂ ತಿಂದರೆ 2,000 ಕೋಳಿಗೆ 280 ಕಿಲೋ ಆಹಾರ, ಅಂದರೆ 70 ಗ್ರಾಂ ಶುದ್ಧ ವಿಟಮಿನ್ ಸಿ. ಪ್ಯಾಕೆಟ್ಟಿನಲ್ಲಿ ಶೇಕಡಾ ಎಷ್ಟಿದೆ ನೋಡಿ ಅದಕ್ಕೆ ತಕ್ಕಂತೆ ತೂಗಿ. ಬಿಸಿಲೇರುವ ಮೊದಲು ಅರ್ಧವನ್ನು ನೀರಿನಲ್ಲಿ ಕರಗಿಸಿ ಕೊಡಿ, ಆ ನೀರು ಮುಗಿದ ಮೇಲೆ ಉಳಿದರ್ಧ. ಪ್ರತಿ ಸಲವೂ ಮೂರು ಗಂಟೆಯಲ್ಲಿ ಕುಡಿದು ಮುಗಿಸುವಷ್ಟೇ ನೀರು ಸಾಕು, ಅದು ಎಷ್ಟೆಂದು ಹಿಂದಿನ ದಿನವೇ ಟ್ಯಾಂಕಿನ ಗುರುತು ನೋಡಿ ತಿಳಿಯಿರಿ. ಆ ನೀರಿಗೆ ಕ್ಲೋರಿನ್ ಬೇಡ. ಮುಗಿದ ಕೂಡಲೇ ಬರೀ ನೀರು ಹರಿಸಿ ಪೈಪು ತೊಳೆದು ಕ್ಲೋರಿನ್ ಮತ್ತೆ ಶುರುಮಾಡಿ. ವಿಟಮಿನ್ ಪುಡಿಯಲ್ಲಿ ಬೆರೆತಿರುವ ಸಕ್ಕರೆಯಂಶ ಪೈಪಿನೊಳಗೆ ಲೋಳೆ ಕಟ್ಟುತ್ತದೆ.

ಆದರೆ ತೂಕ ಬಾರದಿರಲು ಮುಖ್ಯ ಕಾರಣ ವಿಟಮಿನ್ ಕೊರತೆಯಲ್ಲ, ಬಿಸಿಗೆ ಕೋಳಿ ತಿನ್ನುತ್ತಿಲ್ಲ. ಜೀರ್ಣವಾಗುವಾಗಲೂ ಮೈಯಲ್ಲಿ ಬಿಸಿ ಹುಟ್ಟುತ್ತದೆ. ಹಾಗಾಗಿ ಉರಿಬಿಸಿಲಿಗೆ ನಾಲ್ಕೈದು ಗಂಟೆ ಮೊದಲೇ ಫೀಡರ್ ಮೇಲೆತ್ತಿ, ನಸುಕಿನಲ್ಲೂ ರಾತ್ರಿಯ ತಂಪಿನಲ್ಲೂ ತಿನ್ನಿಸಿ. ಗಾಳಿಯಾಡದ ಶೆಡ್ಡಿನಲ್ಲಿ ಯಾವ ಪುಡಿಯೂ ಕೋಳಿಯನ್ನು ಕಾಯಲಾರದು.

ಇನ್ನು ಅರಿಶಿನ. ಅದರ ಮುಖ್ಯ ಸತ್ವವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಒಂದು ಲೋಟ ನೀರಿಗೆ ಕದಡಿ ಹತ್ತು ನಿಮಿಷ ಬಿಟ್ಟು ನೋಡಿ, ತಳದಲ್ಲಿ ಹಳದಿ ಕೆಸರು ಕೂತಿರುತ್ತದೆ. ಕೋಳಿ ನೀರು ಕುಡಿಯುವ ನಿಪ್ಪಲ್ ಕಟ್ಟಿಕೊಳ್ಳುವುದು ಆ ಕೆಸರಿನಿಂದಲೇ. ಆಹಾರದಲ್ಲೇ ಕೊಡಿ: ಕಿಲೋಗೆ 5 ಗ್ರಾಂ, ಟನ್ನಿಗೆ 5 ಕಿಲೋ. ಮೊದಲು 20 ಕಿಲೋ ಮುಸುಕಿನ ಜೋಳದ ನುಚ್ಚಿನಲ್ಲಿ ಬೆರೆಸಿ, ಆಮೇಲೆ ಇಡೀ ಟನ್ನಿಗೆ ಸೇರಿಸಿ. ಪೆಲೆಟ್ (ಒತ್ತಿ ಮಾಡಿದ ಗುಳಿಗೆ) ಆಹಾರವಾದರೆ ಒಣಪುಡಿ ಜಾರಿ ಫೀಡರ್ ತಳ ಸೇರುತ್ತದೆ, ಸ್ವಲ್ಪ ಅಡುಗೆ ಎಣ್ಣೆ ಸವರಿ ಅಂಟಿಸಬೇಕು. ಪ್ರಮಾಣ ಹೆಚ್ಚಿಸಿದರೆ ಲಾಭ ಹೆಚ್ಚದು, ತಿನ್ನುವುದೇ ಕಡಿಮೆಯಾದೀತು. ಬೂಷ್ಟು ವಾಸನೆಯ ಅರಿಶಿನ ಖಂಡಿತ ಬೇಡ: ಪಿತ್ತಜನಕಾಂಗಕ್ಕೆ ಒಳ್ಳೆಯದೆಂದು ಕೊಟ್ಟು ಅದಕ್ಕೇ ಬೂಷ್ಟಿನ ವಿಷ ಉಣಿಸಿದಂತಾಗುತ್ತದೆ. ಓರೆಗಾನೊ, ದಾಲ್ಚಿನ್ನಿಯಂಥ ತೈಲಗಳೂ ನೀರಿನಲ್ಲಿ ಬೆರೆಯದೆ ಬೇರೆಯಾಗಿಯೇ ಉಳಿಯುತ್ತವೆ. ನೀರಿನಲ್ಲಿ ಬೆರೆಯುವಂತೆ ತಯಾರಿಸಿದ್ದನ್ನು ಮಾತ್ರ ಕುಡಿಸಿ.

ಪ್ರಶ್ನೆ: ಹನ್ನೆರಡು ದಿನದ ಕೆಲವು ಮರಿಗಳ ಬೆರಳು ಒಳಕ್ಕೆ ಮಡಚಿವೆ, ಹಿಮ್ಮಡಿ ಗಂಟಿನ ಮೇಲೆ ನಡೆಯುತ್ತಿವೆ. ಇದು ಮಾರೆಕ್ಸ್ ರೋಗವೇ?

ಉತ್ತರ: ಮಾರೆಕ್ಸ್ ಎಂಬ ವೈರಸ್ ರೋಗ ಸಾಮಾನ್ಯವಾಗಿ ಇಷ್ಟು ಎಳೆಯ ಮರಿಗೆ ಕಾಣಿಸದು, ಅದರಲ್ಲಿ ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿರುತ್ತದೆ. ನೀವು ಹೇಳುವ ಲಕ್ಷಣ ರೈಬೋಫ್ಲೇವಿನ್, ಅಂದರೆ ಬಿ2 ಕೊರತೆಯದು. ಬೆರಳು ಮಡಚಿದ್ದರೂ ನೆಟ್ಟಗೆ ನಡೆದರೆ ಅದು ಬೇರೆ ತೊಂದರೆ. ಆ ಮರಿಗಳಿಗೆ ದಿನಕ್ಕೆ 100 ಮೈಕ್ರೋಗ್ರಾಂ ಬಿ2 ಎರಡು ದಿನ ಬಾಯಿಗೆ ಹಾಕಿ. ತಡವಾದರೆ ನರ ಕೆಟ್ಟು ಕಾಲು ಸರಿಹೋಗುವುದಿಲ್ಲ, ಆದ್ದರಿಂದ ಇವತ್ತೇ ಶುರುಮಾಡಿ. ಜೊತೆಗೆ ಪ್ರೀಮಿಕ್ಸ್ (ಆಹಾರಕ್ಕೆ ಬೆರೆಸುವ ವಿಟಮಿನ್-ಖನಿಜ ಮಿಶ್ರಣ) ಚೀಲದ ತಯಾರಿಕಾ ದಿನಾಂಕ ನೋಡಿ. ಆಹಾರಕ್ಕೆ ಸೇರಿಸುವ ಪೋಷಕಾಂಶವಾದ ಕೋಲಿನ್ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ. ಅದನ್ನೂ ಖನಿಜಗಳನ್ನೂ ವಿಟಮಿನ್ ಜೊತೆ ಒಂದೇ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ವಿಟಮಿನ್ ಸತ್ವ ಕಳೆದುಕೊಳ್ಳುತ್ತದೆ.

ಪ್ರಶ್ನೆ: ಕಾಕ್ಸಿಡಿಯೋಸಿಸ್‌ಗೆ (ಕರುಳಿನ ಪರಾವಲಂಬಿಯ ರೋಗ) ಆಂಪ್ರೋಲಿಯಂ ಔಷಧಿ ಕೊಡುತ್ತಿದ್ದೇವೆ. ಶಕ್ತಿಗೆಂದು ಬಿ ಕಾಂಪ್ಲೆಕ್ಸ್ ಸೇರಿಸಬಹುದೇ?

ಉತ್ತರ: ಕೋರ್ಸ್ ಮುಗಿಯುವವರೆಗೆ ಬೇಡ. ಆಂಪ್ರೋಲಿಯಂ ಬಿ1ರ ರೂಪವನ್ನೇ ಹೋಲುತ್ತದೆ, ಪರಾವಲಂಬಿಗೆ ಬಿ1 ಸಿಗದಂತೆ ತಡೆದು ಅದನ್ನು ಸೊರಗಿಸುತ್ತದೆ. ಬಿ ಕಾಂಪ್ಲೆಕ್ಸ್‌ನಲ್ಲಿರುವ ಬಿ1 ಕುಡಿಸಿದರೆ ಔಷಧಿಯ ಕೆಲಸವೇ ಕೆಡುತ್ತದೆ. ರಕ್ತಸ್ರಾವಕ್ಕೆ ವಿಟಮಿನ್ ಕೆ, ಕರುಳಿನ ಒಳಪದರಕ್ಕೆ ವಿಟಮಿನ್ ಎ ಈಗಲೇ ಕೊಡಬಹುದು. ಬಿ ಕಾಂಪ್ಲೆಕ್ಸ್ ಕೊನೆಯ ಡೋಸಿನ ಮರುದಿನದಿಂದ.