4 ಮತ್ತು 6 ವರ್ಷದ ಮಕ್ಕಳಿಗೆ ವಸಂತದಲ್ಲಿ ಹೊರಗಡೆ ಏನು ತೋರಿಸ್ಬಹುದು?

ಹೊರಗೆ ಕರ್ಕೊಂಡ್ ಹೋದ್ರೆ ಹತ್ತೇ ನಿಮಿಷಕ್ಕೆ ಬೋರ್ ಅಂತಾರೆ, ಗಿಡ ಮರದ ಹೆಸರು ಹೇಳಿಕೊಟ್ರೂ ಕಿವಿಗೇ ಹಾಕ್ಕೊಳಲ್ಲ ಅಂತ ಬರ್ದಿದೀರ. ನಾನು ಇದೇ ವಯಸ್ಸಿನ ಮಕ್ಕಳಿಗೆ ಪಾಠ ಮಾಡೋಳು, ಮನೇಲೂ ಒಬ್ಳು ಮಗಳಿದಾಳೆ. ಮೊದ್ಲು ಆ ಹೆಸರು ಹೇಳಿಕೊಡೋದನ್ನ ಸದ್ಯಕ್ಕೆ ಬಿಟ್ಬಿಡಿ, ದಿನಾ ಹೊಸ ಜಾಗಕ್ಕೆ ಹೋಗೋದನ್ನೂ ಬಿಡಿ. ಮನೆ ಹತ್ರ ಇರೋ ಒಂದೇ ಒಂದು ಮರ ಇಟ್ಕೊಳ್ಳಿ.

ಮಗುಗೆ ಕೈಗೆಟುಕೋ ಕೊಂಬೇಲಿ ಮೊಗ್ಗು ಇರೋ ಜಾಗ ನೋಡಿ ಬಣ್ಣದ ದಾರ ಒಂದನ್ನ ಸಡಿಲವಾಗಿ ಕಟ್ಟಿ. ಎರಡು ಮೂರು ದಿನಕ್ಕೊಂದ್ ಸಲ ಹೋಗಿ ದಾರದಿಂದ ಚಿಗುರಿನ ತುದಿವರೆಗೂ ಎಷ್ಟು ಬೆರಳು ಆಯ್ತು ಅಂತ ಅವರ ಬೆರಳಲ್ಲೇ ಅಳೀಲಿ, ಚಿತ್ರ ಬರೀಲಿ, ಚಿತ್ರ ಹೆಂಗಿದ್ರೂ ತಿದ್ದೋಕೆ ಹೋಗ್ಬೇಡಿ. ಎಷ್ಟೋ ಮರದಲ್ಲಿ ಎಳೆ ಎಲೆ ಕೆಂಪಗೆ ಬಂದು ಆಮೇಲೆ ಹಸಿರಾಗುತ್ತೆ, ಯಾಕೆ ಅಂತ ಕೇಳೇ ಕೇಳ್ತಾರೆ. ಎಳೆ ಎಲೇಲಿ ಹಸಿರು ಇನ್ನೂ ತುಂಬಿರಲ್ಲ, ಆಂಥೋಸಯನಿನ್ ಅನ್ನೋ ಕೆಂಪು ಬಣ್ಣ ಎದ್ದು ಕಾಣುತ್ತೆ, ಜಾಸ್ತಿ ಬಿಸಿಲಿಂದ ಎಲೇನ ಕಾಪಾಡೋಕೂ ಅದು ಸಹಾಯ ಮಾಡುತ್ತೆ. ಆದ್ರೆ ಇದನ್ನ ತಕ್ಷಣ ಹೇಳ್ಬೇಡಿ, ನಿಂಗೇನ್ ಅನ್ಸುತ್ತೆ ಅಂತ ಕೇಳಿ ಸ್ವಲ್ಪ ಕಾಯಿರಿ. ನಾವು ಉತ್ತರ ಕೊಟ್ಟ ತಕ್ಷಣ ಅವರು ನೋಡೋದು ನಿಲ್ಸ್ಬಿಡ್ತಾರೆ, ಕ್ಲಾಸಲ್ಲಿ ದಿನಾ ನೋಡ್ತೀನಿ ಇದನ್ನ.

ಎಲ್ಲಕ್ಕಿಂತ ಹೆಚ್ಚು ಹಿಡ್ಸೋದು ಇರುವೆ ಸಾಲು. ಅದೇ ಮರದ ಬುಡದಲ್ಲಿ ಸಿಕ್ಕೇ ಸಿಗುತ್ತೆ. ಸಾಲಿನ ಮಧ್ಯ ಒದ್ದೆ ಬೆರಳಿಂದ ಒಂದೇ ಒಂದ್ ಸಲ ಅಡ್ಡ ಒರೆಸಿ ಸುಮ್ನೆ ಕೂತ್ಕೊಳ್ಳಿ. ಬಂದ ಇರುವೆಗಳು ಅಲ್ಲೇ ತಡವರಿಸ್ತಾವೆ, ಮೀಸೆ ಆಡಿಸ್ತಾ ಆ ಕಡೆ ಈ ಕಡೆ ಸುತ್ತತಾವೆ, ಕೆಲವು ವಾಪಸ್ ಹೋಗ್ತಾವೆ, ಯಾವುದೋ ಒಂದು ದಾಟುತ್ತೆ, ಅದರ ಹಿಂದೆ ಇನ್ನೊಂದು, ನಿಧಾನಕ್ಕೆ ಸಾಲು ಮತ್ತೆ ಕೂಡ್ಕೊಳುತ್ತೆ. ನೆಲದ ಮೇಲೆ ಬಿಟ್ಟ ವಾಸನೆ ಹಿಡ್ಕೊಂಡು ಅವು ನಡೆಯೋದು, ನಾವು ಒರೆಸಿದ್ದು ಆ ವಾಸನೇನ. ನನ್ನ ಮಗಳು ಮೊದಲ ಸಲ ಇದನ್ನ ನೋಡಿ "ಅಮ್ಮಾ ರೋಡ್ ಅಳಿಸ್ಬಿಟ್ಯಲ್ಲ, ಮನೆಗೆ ಹೆಂಗ್ ಹೋಗ್ತಾವೆ" ಅಂತ ಅಳೋ ಥರ ಆಗಿ, ಸಾಲು ಸರಿಹೋಗೋವರೆಗೂ ಅಲ್ಲಿಂದ ಏಳ್ಲೇ ಇಲ್ಲ.

ಮಳೆ ಬಂದು ನಿಂತ್ರೆ ಗುಂಡೀಲಿ ನಿಂತ ನೀರಿನ ಸುತ್ತ ಚಾಕ್‌ಪೀಸಲ್ಲಿ ಗೆರೆ ಎಳೀರಿ, ಗಂಟೆಗೊಂದ್ ಸಲ ಹೊಸ ಗೆರೆ, ನೀರು ಎಷ್ಟು ಕಮ್ಮಿ ಆಯ್ತು ಅಂತ ಅವರಿಗೇ ಕಾಣುತ್ತೆ. ಎರೆಹುಳು ಸಿಕ್ರೆ ಕೈ ಒದ್ದೆ ಮಾಡ್ಕೊಂಡೇ ಮುಟ್ಬೇಕು, ಅದು ಉಸಿರಾಡೋದು ಒದ್ದೆ ಚರ್ಮದಿಂದ, ಐದು ನಿಮಿಷ ನೋಡಿ ನೆರಳಲ್ಲಿರೋ ಮಣ್ಣಿಗೆ ವಾಪಸ್ ಬಿಡಿ.

ಭೂತಗನ್ನಡಿ ಕೊಟ್ರೆ ಚಿಕ್ಕವರು ಅದನ್ನ ದೂರ ಹಿಡಿದು ಏನೂ ಕಾಣ್ಸಲ್ಲ ಅಂತ ಬಿಸಾಕ್ತಾರೆ. ಗಾಜು ಕಣ್ಣಿನ ಹತ್ರಾನೇ ಇರ್ಲಿ, ಎಲೇನ ಅದರ ಹತ್ರ ತರ್ಬೇಕು ಅಂತ ಒಂದ್ ಸಲ ತೋರ್ಸಿ ಸಾಕು. ಸೂರ್ಯನ ಕಡೆ ಮಾತ್ರ ಯಾವತ್ತೂ ಹಿಡೀಬಾರ್ದು.

ಹಕ್ಕಿಗೂಡು ಕಂಡ್ರೆ ದೂರದಿಂದಲೇ ನೋಡಿ, ನಾವು ಹತ್ರ ನಿಂತಷ್ಟು ಹೊತ್ತು ತಾಯಿಹಕ್ಕಿ ಬರಲ್ಲ, ಮೊಟ್ಟೆ ತಣ್ಣಗಾಗುತ್ತೆ. ಕೂದಲಿರೋ ಕಂಬಳಿಹುಳು ಮುಟ್ಟಿದ್ರೆ ಕೈಯೆಲ್ಲ ತುರಿಕೆ, ಇದನ್ನ ಮನೇಲೇ ಹೇಳಿ ಕರ್ಕೊಂಡ್ ಹೋಗಿ.

ನಿಮ್ಮ ದೊಡ್ಡ ಮಗುಗೆ ಇನ್ನೊಂದು ಕೆಲಸ ಕೊಡಿ, ತೂತು ಬಿದ್ದ ಎಲೆ ಹುಡುಕಿ ಅದನ್ನ ತಿಂದೋರು ಯಾರು ಅಂತ ಪತ್ತೆ ಮಾಡೋದು. ಎಲೆ ಮೇಲೆ ನೋಡಿದ್ರೆ ಸಿಗಲ್ಲ, ಅಡಿ ನೋಡ್ಬೇಕು, ಚಿಟ್ಟೆ ಮೊಟ್ಟೆ ಇಡೋದೂ ಸಾಮಾನ್ಯವಾಗಿ ಅಲ್ಲೇ. ಎಲೆಯಡಿ ಬಗ್ಗಿ ನೋಡೋಕೆ 4 ವರ್ಷದವರಿಗೇ ಸುಲಭ, ಹಂಗಾಗಿ ಮೊದ್ಲು ಹುಳ ಕಾಣೋದು ಚಿಕ್ಕವರಿಗೇ ಇರ್ಬಹುದು.