ಕಾರಿಗೆ ಲಾಕ್ ಹಾಕುವುದೋ, ಗಾಜು ಉಳಿಸಿಕೊಳ್ಳುವುದೋ?

ವಾಹನ ಸುರಕ್ಷತೆ ಮತ್ತು ವಿಮೆಯ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಮಂಗಳೂರಿನ ಮೋಟಾರು ವಿಮಾ ಸರ್ವೇಯರ್ ಒಬ್ಬರ ಉತ್ತರ

ಪ್ರಶ್ನೆ: ನನ್ನದು ಹಳೆಯ ಮಾರುತಿ 800. ಕಂಪೌಂಡಿನೊಳಗೆ ಜಾಗವಿಲ್ಲದ್ದರಿಂದ ಕಾರು ಬೆಜೈಯ ನಮ್ಮ ಒಳರಸ್ತೆಯ ಬದಿಯಲ್ಲೇ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವ ಮಗ ಊರಿಗೆ ಬಂದಿದ್ದಾಗ, "ಲಾಕ್ ಯಾಕೆ ಹಾಕ್ತೀರಿ ಅಪ್ಪ? ಕಳ್ಳನಿಗೆ ಬೇಕಾದರೆ ಗಾಜು ಒಡೆದೇ ಒಡೀತಾನೆ. ಒಳಗೆ ಏನೂ ಇಡಬೇಡಿ, ಬಾಗಿಲು ಹಾಗೇ ಬಿಡಿ, ಗಾಜಾದರೂ ಉಳೀತದೆ" ಎಂದ. ಅವನಿರುವಲ್ಲಿ ಹಾಗೆ ಮಾಡುವವರು ಇದ್ದಾರಂತೆ. ಕೇಳಿದರೆ ಸರಿ ಅನಿಸುತ್ತದೆ, ಆದರೆ ರಾತ್ರಿ ನಿದ್ದೆ ಬರುವುದಿಲ್ಲ. ಏನು ಮಾಡಲಿ?
– ನಿವೃತ್ತ ಅಧ್ಯಾಪಕರು, ಮಂಗಳೂರು

ಉತ್ತರ: ಲಾಕ್ ಹಾಕಿ ಸರ್. ಮಗ ಹೇಳಿದ್ದರಲ್ಲಿ ಅರ್ಧ ಸರಿ ಉಂಟು. "ಒಳಗೆ ಏನೂ ಇಡಬೇಡಿ" ಎಂಬ ಅರ್ಧ.

ಸ್ಯಾನ್ ಫ್ರಾನ್ಸಿಸ್ಕೊ ಕಡೆ ಕೆಲವರು ಕಾರು ಖಾಲಿ ಮಾಡಿ, ಬಾಗಿಲಿಗೆ ಲಾಕ್ ಹಾಕದೆ, ಡಿಕ್ಕಿಯನ್ನೂ ಎತ್ತಿಟ್ಟು ಹೋಗುತ್ತಿದ್ದದ್ದು ಸುದ್ದಿಯಾಗಿತ್ತು, ನಿಜ. ಆದರೆ ಅಲ್ಲಿನ ಕಳ್ಳತನದ ರೀತಿ ನೋಡಿ. ಹ್ಯಾಂಡಲ್ ಮುಟ್ಟಿಯೂ ನೋಡದೆ ಗಾಜಿಗೇ ಹೊಡೆದು, ಬ್ಯಾಗು ಎಳೆದುಕೊಂಡು, ಕಾಯುತ್ತಿರುವ ಇನ್ನೊಂದು ಕಾರು ಹತ್ತಿ ಹೋಗುವುದು. ಹ್ಯಾಂಡಲನ್ನೇ ಮುಟ್ಟದವನಿಗೆ ನಿಮ್ಮ ಬಾಗಿಲು ತೆರೆದಿದೆ ಎಂದು ಗೊತ್ತಾಗುವುದಾದರೂ ಹೇಗೆ? ಡಿಕ್ಕಿ ಎತ್ತಿಟ್ಟದ್ದು ಅದಕ್ಕೇ, ದೂರದಿಂದಲೇ ಕಾಣಲಿ ಅಂತ. ಬೆಜೈಯಲ್ಲಿ ನೀವು ರಾತ್ರಿಯಿಡೀ ಡಿಕ್ಕಿ ಎತ್ತಿಟ್ಟರೆ ಬೆಳಗ್ಗೆ ಸ್ಟೆಪ್ನಿ ಇರುವುದಿಲ್ಲ, ಮಳೆಗಾಲವಾದರೆ ಒಳಗೆ ಮೀನು ಸಾಕಬಹುದು.

ನಮ್ಮ ಒಳರಸ್ತೆಗಳಲ್ಲಿ ಲಾಕ್ ತಡೆಯುವುದು ಬೇರೆಯೇ ಒಬ್ಬನನ್ನು. ರಾತ್ರಿ ಒಂದೂವರೆ, ಎರಡು ಗಂಟೆಗೆ ಸಾಲಾಗಿ ನಿಂತ ಕಾರುಗಳ ಪಕ್ಕದಲ್ಲಿ ನಡೆಯುತ್ತಾ, ಒಂದೊಂದರ ಹ್ಯಾಂಡಲನ್ನೂ ಬೆರಳಲ್ಲಿ ಎಳೆದು ನೋಡುವವನು. ತೆರೆದುಕೊಂಡರೆ ಒಳಗೆ ಕೈ, ಇಲ್ಲದಿದ್ದರೆ ಮುಂದಿನ ಕಾರು. ಅವನ ಕೈಯಲ್ಲಿ ಆಯುಧವಿಲ್ಲ. ಯಾರಾದರೂ ಕೇಳಿದರೆ ನಡೆದುಹೋಗುವವನು ಅಷ್ಟೆ. ಗಾಜು ಒಡೆದ ಕ್ಷಣ ಆ ನೆಪ ಹೋಯಿತು. ಬಾಗಿಲಿನ ಗಾಜು ಟಫನ್ಡ್ ಗಾಜು. ಮುಂದಿನ ವಿಂಡ್‌ಶೀಲ್ಡಿನ ಹಾಗೆ ನಡುವೆ ಪ್ಲಾಸ್ಟಿಕ್ ಪದರವಿದ್ದು ಬಿರುಕುಬಿಟ್ಟು ನಿಲ್ಲುವುದಿಲ್ಲ. ಚೂಪಾದ ಗಟ್ಟಿ ವಸ್ತು ತಗುಲಿದರೆ ಇಡೀ ಗಾಜು ಒಮ್ಮೆಗೇ ಕಲ್ಲುಸಕ್ಕರೆಯಂತೆ ಚೂರಾಗಿ ಸೀಟಿನ ಮೇಲೂ ರಸ್ತೆಯ ಮೇಲೂ ಸುರಿಯುತ್ತದೆ. ಆ ಸದ್ದಿಗೆ ಬೀದಿಯ ಒಂದು ನಾಯಿ ಬೊಗಳಿದರೆ ಮತ್ತೆ ಕದ್ರಿ ತನಕ ಬೊಗಳುತ್ತವೆ. ಖಾಲಿ 800ಕ್ಕಾಗಿ ಯಾರೂ ಆ ಉಸಾಬರಿಗೆ ಹೋಗುವುದಿಲ್ಲ. ಗಾಜು ಒಡೆಯುವುದು ಒಳಗೆ ಕಂಡದ್ದಕ್ಕಾಗಿ, ಲಾಕ್ ಇದೆ ಅಂತ ಅಲ್ಲ.

ಇನ್ನು "ಖಾಲಿ ಕಾರು" ಎನ್ನುವುದು ನಿಜವಾಗಿ ಖಾಲಿಯೇ? ಬಾನೆಟ್ ತೆರೆಯುವ ಲಿವರ್ ಇರುವುದು ಒಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ. ಬಾಗಿಲು ತೆರೆದಿದ್ದರೆ ಬಾನೆಟ್ ತೆರೆದ ಹಾಗೆಯೇ, ಬ್ಯಾಟರಿ ಬಿಚ್ಚಲು ಒಂದು ಸ್ಪ್ಯಾನರ್ ಸಾಕು. ಹಲವು ಕಾರುಗಳಲ್ಲಿ ಡಿಕ್ಕಿಯ ಲಿವರ್, ಪೆಟ್ರೋಲ್ ಮುಚ್ಚಳದ ಲಿವರ್ ಕೂಡ ಸೀಟಿನ ಪಕ್ಕದಲ್ಲೇ. ಅಂದರೆ ಸ್ಟೆಪ್ನಿ, ಜಾಕ್, ಪೆಟ್ರೋಲ್ ಎಲ್ಲದಕ್ಕೂ ದಾರಿ ಆ ಒಂದೇ ಬಾಗಿಲು. ಗ್ಲೋವ್ ಬಾಕ್ಸಿನಲ್ಲಿ ಅಸಲಿ ಆರ್.ಸಿ. ಇಟ್ಟಿದ್ದರೆ ಅದನ್ನು ಇವತ್ತೇ ಮನೆಯ ಕಪಾಟಿಗೆ ಸಾಗಿಸಿ. 2018ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂದ ಮೇಲೆ ಡಿಜಿಲಾಕರಿನಲ್ಲಿರುವ ದಾಖಲೆ ತೋರಿಸಿದರೆ ಸಾಕು. ಕಾಗದಪತ್ರದ ಸಮೇತ ಸಿಗುವ ಕಾರು ಕಳ್ಳನಿಗೆ ಡಬ್ಬಲ್ ಲಾಭ.

ಕಳ್ಳತನಕ್ಕೆ ಸಂಬಂಧವಿಲ್ಲದ ಒಂದು ಕಾರಣವನ್ನೂ ಹೇಳಿಬಿಡುತ್ತೇನೆ, ನನ್ನ ಮಟ್ಟಿಗೆ ಅದೇ ದೊಡ್ಡದು. ರಸ್ತೆ ಬದಿಯಲ್ಲಿ ಲಾಕ್ ಇಲ್ಲದ ಕಾರು ಮಕ್ಕಳಿಗೆ ಆಟದ ಮನೆ. ಒಳಗೆ ಹೋಗಿ ಬಾಗಿಲು ಎಳೆದುಕೊಂಡು, ತೆರೆಯಲು ಬಾರದೆ, ಬಿಸಿಲಿಗೆ ಕಾದ ಕಾರಿನೊಳಗೆ ಮಕ್ಕಳು ಸತ್ತ ಘಟನೆಗಳು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಆಗಿವೆ. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಗಾಜು ಏರಿಸಿದ ಕಾರಿನೊಳಗೆ ದೊಡ್ಡವರಿಗೇ ಹತ್ತು ನಿಮಿಷ ಕೂರಲಾಗುವುದಿಲ್ಲ. ಮನೆಯಂಗಳದಲ್ಲಿ ನಿಲ್ಲಿಸಿದವರೂ ಇದಕ್ಕಾಗಿ ಲಾಕ್ ಹಾಕಬೇಕು.

ಹಣದ ಲೆಕ್ಕಕ್ಕೆ ಬರೋಣ. ಹಳೆಯ ಕಾರುಗಳಿಗೆ ಹೆಚ್ಚಿನವರು ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟಕ್ಕಿರುವ ವಿಮೆ ಮಾತ್ರ ಮಾಡಿಸಿರುತ್ತಾರೆ. ನಿಮ್ಮದೂ ಹಾಗೇ ಇದ್ದರೆ ಕಾರೇ ಹೋದರೂ ಒಂದು ರೂಪಾಯಿ ಬರುವುದಿಲ್ಲ, ಪಾಲಿಸಿ ತೆಗೆದು ನೋಡಿ. ಫುಲ್ ವಿಮೆ ಇದ್ದವರಿಗೆ ಗಾಜು ಒಡೆದರೂ ಪರಿಹಾರ ಉಂಟು. ಆದರೆ 1500 ಸಿಸಿವರೆಗಿನ ಕಾರಿಗೆ ಮೊದಲ 1000 ರೂಪಾಯಿ ನಿಮ್ಮದೇ, ಜೊತೆಗೆ ಕ್ಲೇಮ್ ಮಾಡಿದ ವರ್ಷ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ ಹೋಗುತ್ತದೆ. ಕ್ಲೇಮ್ ಇಲ್ಲದೆ ಐದು ವರ್ಷ ಕಳೆದವರಿಗೆ ಅದು ಶೇ. 50. ಒಂದು ಬಾಗಿಲಿನ ಗಾಜಿಗಾಗಿ ಅದನ್ನು ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ, ಕೈಯಿಂದಲೇ ಹಾಕಿಸಿಕೊಳ್ಳಿ. ಪಾಲಿಸಿಯಲ್ಲಿ ಇನ್ನೊಂದು ಷರತ್ತೂ ಉಂಟು: ವಾಹನವನ್ನು ಕಾಪಾಡಲು ಮಾಲಕರು ತಕ್ಕಷ್ಟು ಎಚ್ಚರ ವಹಿಸಬೇಕು. "ಬೇಕೆಂದೇ ಲಾಕ್ ಹಾಕಿರಲಿಲ್ಲ" ಎಂದು ನೀವಾಗಿ ಹೇಳಿಕೆ ಬರೆದುಕೊಟ್ಟರೆ ಕಂಪೆನಿಯವರಿಗೆ ಅಷ್ಟೇ ಸಾಕು. ಕಳ್ಳನಿಗೆ ಮಾತ್ರ ಅದರಿಂದ ರಿಯಾಯಿತಿ ಇಲ್ಲ. ಬಾಗಿಲು ತೆರೆದಿದ್ದರೂ ಕದ್ದದ್ದು ಕದ್ದದ್ದೇ, ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಡಿ ಮೂರು ವರ್ಷದವರೆಗೆ ಸಜೆ.

ಕಾರನ್ನೇ ಹೊತ್ತೊಯ್ಯಲು ಬಂದ ಪಳಗಿದವನಿಗೆ ಬಾಗಿಲ ಲಾಕ್ ದೊಡ್ಡ ಅಡ್ಡಿಯಲ್ಲ. ನೀವು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ. ಹೊಸ ಕಾರುಗಳಲ್ಲಿ ಅವನನ್ನು ತಡೆಯುವುದು ಇಮೊಬಿಲೈಸರ್. ಕೀಯೊಳಗಿನ ಚಿಪ್ ಗುರುತು ಸಿಗದೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಹಳೆಯ 800ರಲ್ಲಿ ಅದಿಲ್ಲ. ಸಾಲದ್ದಕ್ಕೆ ಸವೆದ ಲಾಕುಗಳು ಬೇರೊಂದು 800ರ ಕೀಗೂ ತೆರೆದುಕೊಳ್ಳುವುದುಂಟು. ಆದ್ದರಿಂದ ಗೇರ್ ಲಾಕ್ ಹಾಕಿಸಿ, ಪರಿಚಯದ ಎಲೆಕ್ಟ್ರಿಷಿಯನ್ ಇದ್ದರೆ ಇಗ್ನಿಷನ್ ವಯರಿಗೊಂದು ಗುಪ್ತ ಸ್ವಿಚ್ಚು ಇಡಿಸಿ. ಕೀ ತೆಗೆದ ಮೇಲೆ ಸ್ಟೇರಿಂಗನ್ನು ಕಟಕ್ ಎನ್ನುವ ತನಕ ತಿರುಗಿಸಿ ಬಿಡುವ ಅಭ್ಯಾಸ ಮಾಡಿಕೊಳ್ಳಿ, ಅದಕ್ಕೆ ಖರ್ಚಿಲ್ಲ.

ಉಪ್ಪುಗಾಳಿಯ ಊರಲ್ಲಿ ಇದೊಂದು ಮರೆಯಬೇಡಿ: ಒಂದೇ ಬಾಗಿಲನ್ನು ಬಳಸುತ್ತಾ ಉಳಿದ ಕೀ ತೂತುಗಳನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಒಳಗೆ ತುಕ್ಕು ಕಚ್ಚುತ್ತದೆ. ತಿಂಗಳಿಗೊಮ್ಮೆ ಎಲ್ಲದರಲ್ಲೂ ಕೀ ಹಾಕಿ ತಿರುಗಿಸಿ. ಬಿಗಿಯಾದರೆ ಗ್ರಾಫೈಟ್ ಪುಡಿ ಹಾಕಿ. ಅಡುಗೆಮನೆಯ ತೆಂಗಿನೆಣ್ಣೆ ಬೇಡ, ಅದು ಧೂಳು ಹಿಡಿದು ಜಿಡ್ಡಾಗುತ್ತದೆ.

ಪ್ರಶ್ನೆ: ನಮ್ಮದು ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು. ಕೀ ಕೈಚೀಲದಲ್ಲೇ ಇರುತ್ತದೆ. ಇಂಥ ಕಾರನ್ನು ಕೀ ಮುಟ್ಟದೆಯೇ ಕದಿಯುತ್ತಾರೆ ಎಂದು ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಬಂದಿತ್ತು. ಹೌದೇ?
– ಓದುಗರು, ಮಣಿಪಾಲ

ಉತ್ತರ: ಆ ವಿಡಿಯೊ ಸುಳ್ಳಲ್ಲ ಮೇಡಂ. ನಿಮ್ಮ ಕೀ ಸಣ್ಣದೊಂದು ರೇಡಿಯೊ. ಒಂದೆರಡು ಮೀಟರ್ ಹತ್ತಿರ ಬಂದಾಗ ಮಾತ್ರ ಕಾರಿನ ಜೊತೆ ಮಾತಾಡುತ್ತದೆ. ಕಳ್ಳರು ಇಬ್ಬರು ಬರುತ್ತಾರೆ. ಒಬ್ಬ ಮನೆಯ ಬಾಗಿಲ ಬಳಿ ಯಂತ್ರ ಹಿಡಿದು ನಿಂತು, ಕಾರು ಕೇಳುವುದನ್ನು ಒಳಗಿರುವ ಕೀಗೂ ಕೀ ಕೊಡುವ ಉತ್ತರವನ್ನು ಹೊರಗೂ ದಾಟಿಸುತ್ತಾನೆ, ಇನ್ನೊಬ್ಬ ಕಾರಿನ ಬಳಿ ಅದನ್ನು ಹಿಡಿಯುತ್ತಾನೆ. ಕೀ ಪಕ್ಕದಲ್ಲೇ ಇದೆ ಎಂದುಕೊಂಡು ಕಾರು ಬಾಗಿಲು ತೆರೆಯುತ್ತದೆ, ಇಂಜಿನ್ನೂ ಸ್ಟಾರ್ಟ್ ಆಗುತ್ತದೆ. ಉಪಾಯ ಸುಲಭ: ಮುಂಬಾಗಿಲ ಪಕ್ಕದ ಮೊಳೆಗೆ ಕೀ ನೇತುಹಾಕುವ ಪದ್ಧತಿ ಬಿಟ್ಟು ಒಳಕೋಣೆಯಲ್ಲಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಿ. ಡಬ್ಬಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಕೀ ಒಳಗಿಟ್ಟು, ಡಬ್ಬಿ ಹಿಡಿದುಕೊಂಡೇ ಕಾರಿನ ಹ್ಯಾಂಡಲ್ ಒತ್ತಿ. ತೆರೆದರೆ ಬೇರೆ ಡಬ್ಬಿ ಹುಡುಕಿ.

ನಿಮ್ಮಂಥ ಕಾರಿನವರಿಗೆ ನಾನು ಅದಕ್ಕಿಂತ ಹೆಚ್ಚಾಗಿ ಹೇಳುವುದು ಇನ್ನೊಂದನ್ನು. ರಿಮೋಟ್ ಒತ್ತಿದ ಕೂಡಲೇ ತಿರುಗಿ ನೋಡದೆ ನಡೆಯಬೇಡಿ. ಅದೇ ತರಂಗದಲ್ಲಿ ಗದ್ದಲವೆಬ್ಬಿಸುವ ಜಾಮರ್ ಹತ್ತಿರ ಇದ್ದರೆ ನೀವು ಒತ್ತಿದ್ದು ಕಾರಿಗೆ ಕೇಳಿಸುವುದೇ ಇಲ್ಲ. ಕಳ್ಳನೇ ಬೇಕೆಂದಿಲ್ಲ, ರಿಮೋಟಿನ ಬ್ಯಾಟರಿ ಇಳಿದಿದ್ದರೂ, ಹಿಂದಿನ ಬಾಗಿಲು ಸರಿ ಕೂತಿರದಿದ್ದರೂ ಹಾಗೆಯೇ. ಇಂಡಿಕೇಟರ್ ಮಿನುಗಿತೇ, ಕಟಕ್ ಸದ್ದು ಬಂತೇ ಎಂದು ನೋಡಿ. ಸಾಮಾನ್ಯ ರಿಮೋಟಿನವರು ಹ್ಯಾಂಡಲನ್ನೂ ಒಮ್ಮೆ ಎಳೆದು ನೋಡಬೇಕು. ನಿಮ್ಮ ಕೀ ಚೀಲದಲ್ಲಿರುವಾಗ ಹ್ಯಾಂಡಲಿನ ಬಟನ್ ಒತ್ತಿದರೆ ಬಾಗಿಲು ತೆರೆಯುವುದೇ ಸರಿ, ಆ ಪರೀಕ್ಷೆಗೆ ಚೀಲವನ್ನು ಜೊತೆಗಿದ್ದವರ ಕೈಗೆ ಕೊಟ್ಟು ದೂರ ಕಳಿಸಬೇಕಾಗುತ್ತದೆ.

ಪ್ರಶ್ನೆ: ಮಲ್ಪೆಯಲ್ಲಿ ಸಮುದ್ರಕ್ಕೆ ಇಳಿಯುವಾಗ ಕೀಯನ್ನು ಮುಂದಿನ ಟಯರ್ ಮೇಲೆ ಇಡುತ್ತೇವೆ. ಪರ್ಸ್, ಮೊಬೈಲ್ ಸೀಟಿನಡಿ. ತೊಂದರೆ ಇಲ್ಲ ಅಲ್ವಾ?
– ಓದುಗರು, ಕಾರ್ಕಳ

ಉತ್ತರ: ಉಂಟು ಮಾರಾಯ್ರೇ! ಮಲ್ಪೆಯಾಗಲಿ ಪಣಂಬೂರಾಗಲಿ, ನೀವು ಬಟ್ಟೆ ಬದಲಿಸಿ, ಸೀಟಿನಡಿ ಬಗ್ಗಿ, ಆಮೇಲೆ ಟಯರಿನ ಬಳಿ ಕೂತು ಎದ್ದದ್ದನ್ನು ಇಡೀ ಪಾರ್ಕಿಂಗ್ ನೋಡಿರುತ್ತದೆ. ಬಟನ್ ಸ್ಟಾರ್ಟ್ ಕಾರಿನ ಕೀ ಆದರಂತೂ ಟಯರ್ ಮೇಲಿದ್ದರೂ ಕಾರಿಗೆ ಅದು ಹತ್ತಿರವೇ. ಯಾರು ಹ್ಯಾಂಡಲ್ ಒತ್ತಿದರೂ ಬಾಗಿಲು ತೆರೆಯಬಹುದು. ಒಬ್ಬರು ದಡದಲ್ಲಿ ಕೂರಲಿ, ಕೀ ಅವರ ಕೈಯಲ್ಲಿರಲಿ. ಕೂರುವವರಿಲ್ಲದಿದ್ದರೆ ಕುತ್ತಿಗೆಗೆ ಹಾಕುವ ವಾಟರ್‌ಪ್ರೂಫ್ ಚೀಲ ಸಿಗುತ್ತದೆ. ಉಪ್ಪುನೀರು ಹೊಕ್ಕ ರಿಮೋಟ್ ಮತ್ತೆ ಏಳುವುದು ಅಪರೂಪ, ಹಾಗಾಗಿ ಚೀಲವನ್ನು ಮೊದಲು ಮನೆಯ ಬಕೆಟಿನಲ್ಲಿ ಟಿಶ್ಯೂ ಪೇಪರ್ ಹಾಕಿ ಮುಳುಗಿಸಿ ನೋಡಿ. ಡಿಕ್ಕಿಗೆ ಹಾಕುವುದನ್ನು ಮನೆಯಿಂದ ಹೊರಡುವಾಗಲೇ ಹಾಕಿ, ಅಲ್ಲಿ ಹೋಗಿ ತೆರೆಯಬೇಡಿ.

ಮದುವೆ ಹಾಲ್‌ಗಳಿಗೂ ಇದೇ ಮಾತು. ಬ್ಯಾಂಕ್ ಲಾಕರಿನಿಂದ ತಂದ ಚಿನ್ನದ ಪೆಟ್ಟಿಗೆಯನ್ನು "ಐದು ನಿಮಿಷ, ಧಾರೆ ಮುಗಿಸಿ ಬರುತ್ತೇನೆ" ಎಂದು ಕಾರಿನಲ್ಲಿ ಬಿಡುವವರನ್ನು ಕಂಡರೆ ನನಗೆ ಮೈ ಬೆವರುತ್ತದೆ. ಗಾಜಿಗೆ ಕಪ್ಪು ಫಿಲ್ಮ್ ಹಾಕಿ ಮರೆಮಾಡಲು 2012ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅವಕಾಶ ಹೋಯಿತು. ಕಾರಿನ ಮಾಮೂಲು ವಿಮೆ ಕಾರಿಗೆ ಮಾತ್ರ, ಒಳಗಿಟ್ಟ ಸಾಮಾನಿಗಲ್ಲ. ಸಾಮಾನಿಗೆಂದು ಪ್ರತ್ಯೇಕ ಆಡ್-ಆನ್ ತೆಗೆದುಕೊಂಡವರು ಅದರಲ್ಲಿ ಹಣ ಮತ್ತು ಒಡವೆಯನ್ನು ಹೊರಗಿಟ್ಟಿದ್ದಾರೆಯೇ ಎಂದು ಸಣ್ಣಕ್ಷರದಲ್ಲಿ ಓದಿಕೊಳ್ಳಬೇಕು.

ಪ್ರಶ್ನೆ: ಡ್ರೈವರ್ ಬೊಂಡ ಕುಡಿಯಲು ಇಳಿದಾಗ ಕೀ ಕಾರಿನಲ್ಲೇ ಇತ್ತು, ಕಾರು ಹೋಯಿತು. ವಿಮೆಯವರು ನಿರ್ಲಕ್ಷ್ಯ ಎಂದು ಪೂರ್ತಿ ತಿರಸ್ಕರಿಸಿದ್ದಾರೆ. ಇನ್ನು ದಾರಿ ಇಲ್ಲವೇ?
– ಓದುಗರು, ಸುರತ್ಕಲ್

ಉತ್ತರ: ಇದೆ. ದಾರಿ ಕೇಳಲು ಚಾಲಕ ಕೀ ಬಿಟ್ಟು ಇಳಿದಾಗ ಲಾರಿ ಕಳವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಶೇ. 75ರಷ್ಟು ಪರಿಹಾರ ಕೊಡಿಸಿದೆ. ಷರತ್ತು ಮುರಿದಿರಬಹುದು, ಆದರೆ ಇಡೀ ಕ್ಲೇಮನ್ನೇ ತಳ್ಳಿಹಾಕುವಷ್ಟಲ್ಲ ಎಂಬುದು ಅದರ ತಿರುಳು. ಆ ತೀರ್ಪನ್ನು ಉಲ್ಲೇಖಿಸಿ ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ಆಗದಿದ್ದರೆ ವಿಮಾ ಕಂಪೆನಿಗಳ ಮೇಲಿನ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್, ಇಲ್ಲವೇ ಜಿಲ್ಲಾ ಗ್ರಾಹಕರ ಆಯೋಗ. ಎಫ್.ಐ.ಆರ್. ಪ್ರತಿ, ಕಾರು ಪತ್ತೆಯಾಗಿಲ್ಲ ಎಂದು ಪೊಲೀಸರು ಕೋರ್ಟಿಗೆ ಸಲ್ಲಿಸುವ 'ಸಿ' ರಿಪೋರ್ಟ್, ಆರ್.ಟಿ.ಒ.ಗೆ ಕಳವಿನ ಬಗ್ಗೆ ಕೊಟ್ಟ ಪತ್ರ, ಇವು ಕೈಯಲ್ಲಿರಲಿ. ಕಂಪೆನಿಯವರು ಎರಡೂ ಕೀ ಕೇಳುತ್ತಾರೆ. ಒಂದು ಕಾರಿನ ಜೊತೆಗೇ ಹೋಗಿದೆ ಎಂದು ಎಫ್.ಐ.ಆರ್.ನಲ್ಲಿ ಸ್ಪಷ್ಟವಾಗಿ ಬರೆಸಿದ್ದೀರಾ ನೋಡಿ. ಬರೆಸದಿದ್ದರೆ ಠಾಣೆಗೆ ಹೋಗಿ ಹೆಚ್ಚುವರಿ ಹೇಳಿಕೆ ಕೊಟ್ಟು ಬನ್ನಿ, ಸ್ವೀಕೃತಿ ಪಡೆಯದೆ ಬರಬೇಡಿ.