ಹಸಿವಿನ ಹಗುರ, ಧ್ಯಾನದ ಹಗುರ

ಧ್ಯಾನದ ಬಗೆಗಿನ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಉಸಿರಿನ ಬಗ್ಗೆ ಕೇಳುವವರು ಕಡಿಮೆ, ಬೆನ್ನು ಹೇಗಿರಬೇಕೆಂದು ಕೇಳುವವರು ಅದಕ್ಕಿಂತ ಕಡಿಮೆ. ಬಹುಪಾಲು ಪತ್ರಗಳು ತಟ್ಟೆಯ ಬಗ್ಗೆಯೇ ಇರುತ್ತವೆ, ಅವುಗಳಲ್ಲಿಯೂ ಅದೇ ಐದಾರು ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಒಬ್ಬೊಬ್ಬರಿಗೆ ಬರೆದು ಸಾಕಾಗಿರುವುದರಿಂದ ಈ ಬಾರಿ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಸಾತ್ತ್ವಿಕ, ರಾಜಸ, ತಾಮಸ, ಅಂದರೆ ಮನಸ್ಸನ್ನು ತಿಳಿಯಾಗಿಸುವ, ಕೆರಳಿಸುವ, ಮಂಕಾಗಿಸುವ ಆಹಾರಗಳೆಂಬ ವಿಂಗಡಣೆಯನ್ನು ಇಲ್ಲಿ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ.

ಪ್ರಶ್ನೆ: ನನಗೆ 34 ವರ್ಷ. ಎಂಟು ತಿಂಗಳಿಂದ ಮಧ್ಯಾಹ್ನ ಒಂದೇ ಹೊತ್ತು, ಅದೂ ಹಣ್ಣು, ಹಸಿಸೊಪ್ಪು, ಹಸಿ ತರಕಾರಿ ಮಾತ್ರ ತಿನ್ನುತ್ತಿದ್ದೇನೆ. ಬೆಳಗಿನ ನಾಲ್ಕೂವರೆಗೆ ಧ್ಯಾನಕ್ಕೆ ಕೂತಾಗ ಮೈ ತೇಲಿದಂತಾಗುತ್ತದೆ, ಏಳುವಾಗ ಕಣ್ಣ ಮುಂದೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಕೈಕಾಲು ಸದಾ ತಣ್ಣಗಿರುತ್ತವೆ, ಕೂದಲು ಉದುರುತ್ತಿದೆ, ಮೂರು ತಿಂಗಳಿಂದ ಮುಟ್ಟಾಗಿಲ್ಲ. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ನಮ್ಮ ಮಾರ್ಗದರ್ಶಕರು ಇದೆಲ್ಲ ದೇಹದ ವಿಷ ಹೊರಹೋಗುವ ಲಕ್ಷಣ, ಮುಂದುವರಿಸಿ ಎನ್ನುತ್ತಾರೆ. ಇನ್ನು ಮುಂದೆ ಏನನ್ನು ಬಿಡಬೇಕು?

ಉತ್ತರ: ಮೊದಲು ಆ ಮಾರ್ಗದರ್ಶಕರನ್ನು ಬಿಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಿ. ಗರ್ಭ ನಿಂತಿಲ್ಲವೆಂಬುದು ಖಚಿತವಾಗಬೇಕು. ಥೈರಾಯ್ಡ್, ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ, ಬಿ12 ಇವುಗಳ ಪರೀಕ್ಷೆಯಾಗಬೇಕು. ಇವುಗಳಲ್ಲಿ ಬೇರೆ ಕಾರಣ ಸಿಗದಿದ್ದರೆ ಉಳಿಯುವ ಕಾರಣ ಸರಳವಾದದ್ದು. ಖರ್ಚಾಗುವಷ್ಟು ಶಕ್ತಿ ಆಹಾರದಿಂದ ಬಾರದೆ ಹೋದಾಗ ದೇಹವು ತುರ್ತಲ್ಲದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ, ಮಿದುಳು ಅಂಡಾಶಯಕ್ಕೆ ಕಳುಹಿಸುವ ಸೂಚನೆಯನ್ನು ಕುಗ್ಗಿಸುತ್ತದೆ, ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜನ್ ಇಳಿದಂತೆ ಮೂಳೆಯ ಸಾಂದ್ರತೆಯೂ ಇಳಿಯತೊಡಗುತ್ತದೆ. ತಣ್ಣಗಿನ ಕೈಕಾಲು, ಉದುರುವ ಕೂದಲು ಇದೇ ಉಳಿತಾಯದ ಬೇರೆ ಬಾಬ್ತುಗಳು. ಏಳುವಾಗ ಕಾಣುವ ಚುಕ್ಕೆಗಳು ಯಾವ ಚಕ್ರದಿಂದಲೂ ಬಂದವಲ್ಲ. ಎದ್ದು ನಿಂತ ಕ್ಷಣದಲ್ಲಿ ರಕ್ತದೊತ್ತಡ ಕುಸಿದು ತಲೆಗೆ ರಕ್ತ ಸಾಲದೆ ಕಂಡವು. ವಿಷ ಹೊರಹಾಕುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ನೀವು ಹುಟ್ಟಿದ ದಿನದಿಂದ ಮಾಡುತ್ತಲೇ ಇವೆ. ಮುಟ್ಟು ನಿಲ್ಲುವುದನ್ನು ಶುದ್ಧಿಯೆಂದು ಕರೆಯುವ ಮನುಷ್ಯನಿಗೆ ಶರೀರಶಾಸ್ತ್ರವೂ ತಿಳಿದಿಲ್ಲ, ಯೋಗಶಾಸ್ತ್ರವೂ ತಿಳಿದಿಲ್ಲ.

ಯೋಗಶಾಸ್ತ್ರ ಎಂದೆನಲ್ಲ, ಅದನ್ನೇ ನೋಡೋಣ, ಏಕೆಂದರೆ ಇಂಥ ಉಪದೇಶಗಳೆಲ್ಲ ಶಾಸ್ತ್ರದ ಹೆಸರಿನಲ್ಲಿಯೇ ನಡೆಯುತ್ತವೆ. ಅತಿಯಾಗಿ ತಿನ್ನುವವನಿಗೆ ಯೋಗವಿಲ್ಲ ಎಂಬ ಗೀತೆಯ ಆರನೆಯ ಅಧ್ಯಾಯದ ಮಾತನ್ನು ಎಲ್ಲರೂ ಹೇಳುತ್ತಾರೆ. ಏನೂ ತಿನ್ನದವನಿಗೂ ಇಲ್ಲ ಎಂದು ಅದೇ ಶ್ಲೋಕ ಮುಂದುವರಿಯುವುದನ್ನು ಹೇಳುವವರು ಕಡಿಮೆ. ಹಠಯೋಗದ ಹಳೆಯ ಗ್ರಂಥಗಳೂ ಇದನ್ನೇ ಹೇಳುತ್ತವೆ. ಘೇರಂಡ ಸಂಹಿತೆಯು ಪ್ರಾಣಾಯಾಮದ ಅಧ್ಯಾಯದಲ್ಲಿ ಒಂದೇ ಹೊತ್ತಿನ ಊಟವನ್ನೂ ನಿರಾಹಾರವನ್ನೂ ಸ್ಪಷ್ಟವಾಗಿ ಬೇಡವೆನ್ನುತ್ತದೆ. ಶಿವಸಂಹಿತೆಯು ಉಂಡ ಕೂಡಲೇ ಅಭ್ಯಾಸ ಮಾಡಬಾರದು, ಹಸಿದಾಗಲೂ ಮಾಡಬಾರದು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಹಠಯೋಗ ಪ್ರದೀಪಿಕೆಯು ಯೋಗವನ್ನು ಹಾಳುಮಾಡುವ ಆರು ಸಂಗತಿಗಳನ್ನು ಎಣಿಸುವಾಗ ಅತ್ಯಾಹಾರದ ಜೊತೆಯಲ್ಲೇ ನಿಯಮಾಗ್ರಹವನ್ನೂ, ಅಂದರೆ ನಿಯಮಕ್ಕೆ ಹಟದಿಂದ ಅಂಟಿಕೊಳ್ಳುವುದನ್ನೂ ಸೇರಿಸಿದೆ. ಅದರ ಜ್ಯೋತ್ಸ್ನಾ ವ್ಯಾಖ್ಯಾನವು ಈ ನಿಯಮಾಗ್ರಹಕ್ಕೆ ಕೊಡುವ ಉದಾಹರಣೆಗಳಲ್ಲಿ ತಣ್ಣೀರಿನ ಪ್ರಾತಃಸ್ನಾನವಿದೆ, ಫಲಾಹಾರವೂ ಇದೆ. ಎಂಟು ತಿಂಗಳಿಂದ ನೀವು ಸಾಧನೆಯೆಂದು ಹಿಡಿದುಕೊಂಡಿರುವುದನ್ನು ಆ ವ್ಯಾಖ್ಯಾನಕಾರರು ಅಡ್ಡಿಗಳ ಪಟ್ಟಿಯಲ್ಲಿ ಬರೆದಿಟ್ಟಿದ್ದಾರೆ.

ಇದಕ್ಕಿಂತ ಹಳೆಯ ಸಾಕ್ಷಿ ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿದೆ. ಮನಸ್ಸು ಅನ್ನಮಯವಾದದ್ದು ಎಂದು ಮಗನಿಗೆ ಬಾಯಲ್ಲಿ ಹೇಳಿದರೆ ಸಾಲದೆಂದು ಉದ್ದಾಲಕನು ಶ್ವೇತಕೇತುವನ್ನು 15 ದಿನ ಊಟವಿಲ್ಲದೆ, ನೀರನ್ನು ಮಾತ್ರ ಬೇಕಾದಷ್ಟು ಕುಡಿದುಕೊಂಡಿರಲು ಹೇಳುತ್ತಾನೆ. ಹದಿನಾರನೆಯ ದಿನ ಬಂದ ಮಗನಿಗೆ ವೇದವನ್ನು ಹೇಳು ಎಂದರೆ ಒಂದು ಮಂತ್ರವೂ ನೆನಪಿಗೆ ಬರುವುದಿಲ್ಲ. ದೊಡ್ಡ ಬೆಂಕಿ ಆರಿ ಮಿಂಚುಹುಳುವಿನಷ್ಟು ಕೆಂಡ ಉಳಿದರೆ ಅದರಿಂದ ಹೆಚ್ಚೇನೂ ಸುಡಲಾಗದು, ನಿನ್ನ ಸ್ಥಿತಿಯೂ ಹಾಗೆಯೇ, ಹೋಗಿ ಊಟಮಾಡು ಎನ್ನುತ್ತಾನೆ ತಂದೆ. ಉಂಡು ಬಂದ ಮೇಲೆ ಕೇಳಿದ್ದೆಲ್ಲವೂ ಬಾಯಿಗೆ ಬರುತ್ತದೆ. ನೀರು ಕುಡಿದು ಜೀವ ಹಿಡಿದುಕೊಳ್ಳಬಹುದು, ಮನಸ್ಸನ್ನು ನಿಲ್ಲಿಸಲು ಅನ್ನ ಬೇಕು ಎಂಬುದನ್ನು ಇಷ್ಟು ನೇರವಾಗಿ ಪರೀಕ್ಷಿಸಿ ತೋರಿಸಿದ ಮೇಲೂ ನಮ್ಮವರು ಹಸಿವನ್ನೇ ಏಕಾಗ್ರತೆಯೆಂದು ಮಾರುತ್ತಿದ್ದಾರೆ.

ಆದರೆ ಮೈ ತೇಲುವ ಅನುಭವ ನಿಜವಲ್ಲವೇ ಎಂದು ನೀವು ಕೇಳಬಹುದು. ಅನುಭವ ನಿಜ, ಅದಕ್ಕೆ ಕೊಟ್ಟ ಹೆಸರು ತಪ್ಪು. ಹಸಿದ ದೇಹವು ಮೊದಮೊದಲು ಎಚ್ಚರದ ಹಾರ್ಮೋನುಗಳನ್ನು ಹೆಚ್ಚಿಸಿಕೊಂಡು ಆಹಾರ ಹುಡುಕಲು ಅಣಿಯಾಗುತ್ತದೆ. ಆ ಚುರುಕನ್ನು, ನಂತರ ಬರುವ ತೂಕಡಿಕೆ ಬೆರೆತ ಶೂನ್ಯವನ್ನು ಧ್ಯಾನವೆಂದುಕೊಳ್ಳುವುದು ಸುಲಭ. ನಾನೂ ಅಂದುಕೊಂಡಿದ್ದೆ. ಇಪ್ಪತ್ತೈದರ ಹರೆಯದಲ್ಲಿ ನಲವತ್ತು ದಿನ ಹಾಲು ಹಣ್ಣಿನಲ್ಲಿಯೇ ಇದ್ದೆ. ಬೆಳಗಿನ ಐದಕ್ಕೆ ಕಣ್ಣು ಮುಚ್ಚಿ ಕೂತರೆ ಪಕ್ಕದ ಮನೆಯ ಬಾಣಲೆಯಲ್ಲಿ ಸಾಸಿವೆ ಸಿಡಿಯುವ ಸದ್ದು ಎಣಿಸುವಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು, ಅದನ್ನು ಶ್ರವಣಶಕ್ತಿ ಸೂಕ್ಷ್ಮವಾಗಿದೆಯೆಂದು ದಿನಚರಿಯಲ್ಲಿ ಬರೆದುಕೊಂಡೆ. ಆ ದಿನಚರಿಯನ್ನು ವರ್ಷಗಳ ನಂತರ ತೆರೆದಾಗ ಕಂಡದ್ದು, ಪುಟಕ್ಕೆ ಒಂದು ಸಾಲು ಉಸಿರಿನ ಬಗ್ಗೆ, ಉಳಿದದ್ದೆಲ್ಲ ನಲವತ್ತೊಂದನೆಯ ದಿನ ಏನು ತಿನ್ನಬೇಕೆಂಬುದರ ಬಗ್ಗೆ. ನನಗೆ ಕಲಿಸಿದವರು ಆಗ ಒಂದೇ ಪ್ರಶ್ನೆ ಕೇಳಿದ್ದರು: “ಇವತ್ತು ಎಷ್ಟು ಹೊತ್ತು ಊಟವನ್ನು ಮರೆತಿದ್ದೆ?” ಉತ್ತರ ಹೇಳಲು ನಾಚಿಕೆಯಾಗಿತ್ತು. ಆಹಾರ ಸರಿಯಿದೆಯೇ ಎಂದು ತಿಳಿಯಲು ಇಂದಿಗೂ ನನಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಸಿಕ್ಕಿಲ್ಲ, ಅದರ ಜೊತೆಗೆ ಇನ್ನೊಂದನ್ನು ಮಾತ್ರ ಸೇರಿಸುತ್ತೇನೆ: ಧ್ಯಾನದ ಅರ್ಧ ಗಂಟೆಯಲ್ಲಿ ಹೇಗಿದ್ದೀರಿ ಎಂಬುದನ್ನು ಬಿಟ್ಟು, ಸಂಜೆ ಆರಕ್ಕೆ ಮಗು ನೀರಿನ ಲೋಟ ಬೀಳಿಸಿದಾಗ ಹೇಗಿದ್ದೀರಿ ಎಂಬುದನ್ನು ನೋಡಿಕೊಳ್ಳಿ. ಆ ಉತ್ತರವನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ.

ಮಿತಾಹಾರವೆಂದರೆ ಅಲ್ಪಾಹಾರವಲ್ಲ. ಪ್ರದೀಪಿಕೆಯು ಮಿತಾಹಾರಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಹೊಟ್ಟೆಯ ಕಾಲುಭಾಗವನ್ನು ಖಾಲಿ ಬಿಡಬೇಕೆಂಬ ಮಾತಿಗಿಂತ ಮೊದಲು ಬರುವುದು ಸುಸ್ನಿಗ್ಧ, ಮಧುರ ಎಂಬ ಎರಡು ವಿಶೇಷಣಗಳು. ಅಂದರೆ ಜಿಡ್ಡಿರುವ, ಹಿತವಾದ ಊಟ. ಅದು ಪಥ್ಯವೆಂದು ಎಣಿಸುವುದು ಗೋಧಿ, ಅಕ್ಕಿ, ಜವೆಗೋಧಿ, ಹೆಸರು, ಹಾಲು, ತುಪ್ಪ, ಬೆಣ್ಣೆ, ಜೇನು, ಶುಂಠಿಯಂಥವನ್ನು. ನೀವು ಕಾಲುಭಾಗ ಖಾಲಿ ಬಿಡುವ ಬದಲು ಕಾಲುಭಾಗ ಮಾತ್ರ ತುಂಬಿಸುತ್ತಿದ್ದೀರಿ, ಅದನ್ನೂ ಹಸಿಸೊಪ್ಪಿನಿಂದ.

ಈಗ ಮಾಡಬೇಕಾದದ್ದು. ದಿನಕ್ಕೆ ಎರಡು ಪೂರ್ಣ ಊಟ, ಬೆಳಿಗ್ಗೆ ಒಂದು ಹಗುರ ಆಹಾರ. ಊಟವೆಂದರೆ ಬೇಯಿಸಿದ ಧಾನ್ಯ, ಬೇಳೆ ಅಥವಾ ಕಾಳು, ಬೆಂದ ತರಕಾರಿ, ಒಂದು ಚಮಚ ತುಪ್ಪ, ಹಾಲು ಅಥವಾ ಮೊಸರು. ಒಂದೇ ದಿನದಲ್ಲಿ ಅಷ್ಟಕ್ಕೆ ಹಾರದೆ ಎರಡು ಮೂರು ವಾರಗಳಲ್ಲಿ ಏರಿಸಿಕೊಳ್ಳಿ. ತೂಕ ತೀರಾ ಇಳಿದಿದ್ದರೆ ಏರಿಸುವ ಕ್ರಮವನ್ನೂ ವೈದ್ಯರೇ ಹೇಳಬೇಕು, ಬಹುಕಾಲ ಬರಿದಾದ ದೇಹಕ್ಕೆ ಒಮ್ಮೆಲೇ ಹೆಚ್ಚು ಉಣಿಸಿದರೆ ರಕ್ತದ ಲವಣಾಂಶಗಳು ಏರುಪೇರಾಗಿ ಅಪಾಯವಾಗುವುದುಂಟು. ಬೆಳಿಗ್ಗೆ ತಲೆ ತಿರುಗುವಂತಿದ್ದರೆ ಕೂರುವ ಮೊದಲು ಅರ್ಧ ಲೋಟ ಬೆಚ್ಚನೆಯ ಹಾಲು ಕುಡಿಯಿರಿ, ಯಾವ ದೇವರೂ ಮುನಿಯುವುದಿಲ್ಲ. ಮುಟ್ಟು ಮರಳುವವರೆಗೆ ರಭಸದ ಉಸಿರಾಟದ ಕಪಾಲಭಾತಿ, ಭಸ್ತ್ರಿಕಾ, ಉಸಿರು ಹಿಡಿದಿಡುವ ಕುಂಭಕ ಬೇಡ. ನಾನು ಹೆಚ್ಚು ಅಂಜುಕುಳಿಯೆಂದು ನನ್ನ ವಿದ್ಯಾರ್ಥಿಗಳೇ ಆಡಿಕೊಳ್ಳುತ್ತಾರೆ. ಈ ವಿಷಯದಲ್ಲಿ ಹಾಗೆಯೇ ಇರಲು ಇಷ್ಟಪಡುತ್ತೇನೆ.

ಎಷ್ಟಕ್ಕೆ ನಿಲ್ಲಿಸಬೇಕೆಂಬುದಕ್ಕೆ ತಕ್ಕಡಿ ಬೇಕಿಲ್ಲ. ಊಟ ಮುಗಿಸಿ ಐದು ನಿಮಿಷ ವಜ್ರಾಸನದಲ್ಲಿ ಕೂತು ನೋಡಿ: ಉಸಿರು ಹೊಟ್ಟೆಯವರೆಗೆ ಇಳಿಯದೆ ಎದೆಯ ಮೇಲ್ಭಾಗದಲ್ಲಿಯೇ ಆಡುತ್ತಿದ್ದರೆ ಹೆಚ್ಚಾಗಿದೆ, ಒಂದು ಗಂಟೆಯೊಳಗೆ ಕೈ ಮತ್ತೆ ಡಬ್ಬಿಗಳ ಕಡೆಗೆ ಹೋಗುತ್ತಿದ್ದರೆ ಕಡಿಮೆಯಾಗಿದೆ.

ಪ್ರಶ್ನೆ: ಈರುಳ್ಳಿ, ಬೆಳ್ಳುಳ್ಳಿ ತಿಂದರೆ ಧ್ಯಾನ ಸಿದ್ಧಿಸುವುದಿಲ್ಲವೇ?

ಉತ್ತರ: ತಿಂಗಳಿಗೆ ಹತ್ತು ಸಲ ಬರುವ ಪ್ರಶ್ನೆ. ಗೀತೆಯ ಹದಿನೇಳನೆಯ ಅಧ್ಯಾಯವು ಆಹಾರವನ್ನು ಗುಣದಿಂದ ವಿಂಗಡಿಸುತ್ತದೆ, ಈ ಎರಡರ ಹೆಸರನ್ನೂ ಅಲ್ಲಿ ಹೇಳಿಲ್ಲ. ಪ್ರದೀಪಿಕೆಯ ಅಪಥ್ಯದ ಪಟ್ಟಿಯಲ್ಲಿ ಬೆಳ್ಳುಳ್ಳಿ ಇರುವುದು ನಿಜ. ಅದರ ಪಕ್ಕದಲ್ಲಿಯೇ ಇಂಗು, ಹುರುಳಿ, ಎಳ್ಳು, ಮೊಸರು, ಮಜ್ಜಿಗೆ, ಹಸಿರು ಸೊಪ್ಪು ಕೂಡ ಇವೆ. ಬೆಳ್ಳುಳ್ಳಿಯನ್ನು ಬಿಟ್ಟು ಅದರ ಜಾಗಕ್ಕೆ ಇಂಗು ಹಾಕಿ ಶಾಸ್ತ್ರ ಪಾಲಿಸಿದೆನೆನ್ನುವವರು ಆ ಸಾಲನ್ನು ಪೂರ್ತಿ ಓದಿಲ್ಲ. ಅದು ಏಕಾಂತದ ಕುಟೀರದಲ್ಲಿ ದೀರ್ಘ ಕುಂಭಕ ಮಾಡುವವರಿಗೆ ಬರೆದ ಪಟ್ಟಿ. ಅಭ್ಯಾಸ ಗಟ್ಟಿಯಾದ ಮೇಲೆ ಇಂಥ ನಿಯಮದ ಹಿಡಿತ ಬೇಕಿಲ್ಲವೆಂದು ಎರಡನೆಯ ಉಪದೇಶದಲ್ಲಿ, ಅಂದರೆ ಅಧ್ಯಾಯದಲ್ಲಿ, ಅದೇ ಗ್ರಂಥ ಹೇಳುತ್ತದೆ. ತಿಂದಾಗ ಹೊಟ್ಟೆ ಉರಿದರೆ, ತೇಗು ಬಂದು ಪ್ರಾಣಾಯಾಮ ಕೆಟ್ಟರೆ ಬಿಡಿ. ತಿನ್ನುವವರನ್ನು ಕೀಳಾಗಿ ಕಾಣಲು ಶುರುಮಾಡಿದ್ದರೆ, ಬಿಟ್ಟದ್ದರಿಂದ ನಷ್ಟವೇ ಆಗಿದೆ.

ಪ್ರಶ್ನೆ: ಮಾಂಸ ತಿನ್ನುವವನು ಧ್ಯಾನ ಮಾಡಬಹುದೇ?

ಉತ್ತರ: ಮಾಡಬಹುದು. ಆದರೆ ಯೋಗಸೂತ್ರ ಬರೆದ ಪತಂಜಲಿಯು ಯಮಗಳಲ್ಲಿ, ಅಂದರೆ ಸಂಯಮದ ನಿಯಮಗಳಲ್ಲಿ, ಮೊದಲಿಟ್ಟಿರುವುದು ಅಹಿಂಸೆಯನ್ನು. ಬಿಡುವುದಾದರೆ ಆ ಕಾರಣಕ್ಕೆ ಬಿಡಿ, ಕಂಪನ, ತರಂಗ ಎಂಬ ಮಾತುಗಳಿಗಾಗಿ ಬೇಡ. ಹಾಲನ್ನೂ ಬಿಟ್ಟವರು ಬಿ12 ಮಾತ್ರೆಯನ್ನೋ ಬಿ12 ಸೇರಿಸಿದ ಆಹಾರವನ್ನೋ ತಪ್ಪದೆ ತೆಗೆದುಕೊಳ್ಳಬೇಕು, ಸಸ್ಯಾಹಾರದಲ್ಲಿ ಅದು ನಂಬುವಷ್ಟು ಸಿಗುವುದಿಲ್ಲ. ಕೂತಾಗ ಪಾದದಲ್ಲಿ ಆಡುವ ಜುಮುಜುಮು ಪ್ರಾಣಸಂಚಾರವೆಂದು ಸಂತೋಷಪಟ್ಟ ಒಬ್ಬರ ರಕ್ತಪರೀಕ್ಷೆಯಲ್ಲಿ ಕಂಡದ್ದು ಇದೇ ಕೊರತೆ.

ಪ್ರಶ್ನೆ: ಅಡುಗೆಯಾಗಿ ಮೂರು ಗಂಟೆ ಕಳೆದರೆ ಅನ್ನ ತಾಮಸವಾಗುತ್ತದೆಯೇ?

ಉತ್ತರ: ತಾಮಸ ಆಹಾರಕ್ಕೆ ಗೀತೆ ಬಳಸುವ ‘ಯಾತಯಾಮ’ ಎಂಬ ಪದದಿಂದ ಹುಟ್ಟಿದ ಗಡಿಯಾರವಿದು, ಯಾತವೆಂದರೆ ಕಳೆದದ್ದು, ಯಾಮವೆಂದರೆ ಮೂರು ಗಂಟೆ. ಶಂಕರಾಚಾರ್ಯರು ಅದಕ್ಕೆ ಅರೆಬೆಂದದ್ದು ಎಂದು ಅರ್ಥ ಹೇಳಿದ್ದಾರೆ. ಹಳಸಿದ್ದನ್ನು ತಿನ್ನಬೇಡಿ, ಗಡಿಯಾರ ನೋಡಿಕೊಂಡು ಅನ್ನ ಚೆಲ್ಲಬೇಡಿ.

ಪ್ರಶ್ನೆ: ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಸಿ ಸೋರೆಕಾಯಿ ರಸ ಕುಡಿಯುತ್ತೇನೆ, ಕೆಲವೊಮ್ಮೆ ಕಹಿ ಇರುತ್ತದೆ. ಪರವಾಗಿಲ್ಲವೇ?

ಉತ್ತರ: ಕಹಿ ಸೋರೆಕಾಯಿ ವಿಷ, ಅದನ್ನು ಕುಡಿದು ಸತ್ತವರಿದ್ದಾರೆ, ನಾಲಿಗೆಗೆ ಕಹಿ ತಗುಲಿದ ಕ್ಷಣ ಉಗುಳಿ ಚೆಲ್ಲಿ, ವಾಂತಿ ಭೇದಿ ಶುರುವಾದರೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೂರನೆಯ ಕಣ್ಣು ತೆರೆಯಲು ಯಾವ ಆಹಾರ ಸೂಕ್ತ?

ಉತ್ತರ: ಯಾವುದೂ ಅಲ್ಲ.

ಪ್ರಶ್ನೆ: ಕಾಫಿ ಬಿಡಲೇಬೇಕೇ?

ಉತ್ತರ: ಕೆಫೀನಿನ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು, ಆದ್ದರಿಂದ ಸಂಜೆಯ ಕಾಫಿ ರಾತ್ರಿಯ ನಿದ್ದೆಯನ್ನೂ ಅದರ ಮೂಲಕ ಬೆಳಗಿನ ಧ್ಯಾನವನ್ನೂ ತಿನ್ನುತ್ತದೆ. ಮಧ್ಯಾಹ್ನದ ನಂತರ ಬೇಡ. ಬೆಳಿಗ್ಗೆ ಒಂದು ಲೋಟವನ್ನು ಧ್ಯಾನ ಮುಗಿಸಿ ಕುಡಿಯಿರಿ. ನಾನೂ ಕುಡಿಯುತ್ತೇನೆ, ಅದರ ಬಗ್ಗೆ ಪತ್ರ ಬರೆಯಬೇಡಿ.